ಅತ್ತೆಯ ಬಾಯಿ, ಕಾರಿನ ಬ್ರೇಕು

ಗಂಡ ಹೆಂಡತಿ ಮಾತು ಬಿಟ್ಟರೆ ಎಲ್ಲರಿಗೂ ನಷ್ಟವಲ್ಲ ಎಂಬುದು ಆ ಮನೆಯ ಮುದುಕಿಗೆ ಈ ವಾರ ಗೊತ್ತಾಯಿತು. ಇಷ್ಟು ದಿನ ಅವಳು ಮೂಲೆಯ ಕುರ್ಚಿಯ ಜೊತೆಗೆ ಬಂದ ಸಾಮಾನಿನಂತಿದ್ದಳು. ಈಗ ನೋಡಿ, ಅವಳಿಲ್ಲದೆ ಒಂದು ಲೋಟ ನೀರೂ ಅಡುಗೆಮನೆ ದಾಟುವುದಿಲ್ಲ!

ಜಗಳ ಕಾರಿನದು. ಬ್ರೇಕಿನ ಪೈಪುಗಳು ತುಕ್ಕು ಹಿಡಿದು ಆಯಿಲ್ ಸೋರುತ್ತಿತ್ತು. ಗ್ಯಾರೇಜಿಗೆ ಕೊಡಿ ಎಂದಳು ಸೊಸೆ. ಮಗನದು ಕನ್ನಡಕದ ಅಂಗಡಿ. "ಸಾಸಿವೆಯಷ್ಟು ಸ್ಕ್ರೂ ಬಿಗಿ ಮಾಡೋ ಕೈ ಕಣೇ ಇದು, ಕಾರಿಂದು ಯಾವ ಲೆಕ್ಕ?" ಎಂದ.

"ಕನ್ನಡಕ ಕಳಚಿದ್ರೆ ಮೂಗಿಂದ ಬೀಳುತ್ತೆ. ಬ್ರೇಕು ಕಳಚಿದ್ರೆ?" ಎಂದಳು ಅವಳು. ಅಲ್ಲಿಗೆ ಮಾತು ಬಂದ್.

ಅವತ್ತಿನಿಂದ ಎಲ್ಲವೂ ಮುದುಕಿಯ ಬಾಯಿಂದಲೇ ಹೋಗಬೇಕು, ಬರಬೇಕು. ಅವಳೇನು ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೆಂಗಸೇ? "ಬೇಕಾದ್ರೆ ಬಂದು ತಿನ್ನಲಿ, ಬೇಡದಿದ್ರೆ ಬಿಡಲಿ ಅನ್ನಿ ಅತ್ತೆ" ಎಂದು ಅಡುಗೆಮನೆಯಲ್ಲಿ ಹೊರಟ ಮಾತು, ಪಡಸಾಲೆಗೆ ಬರುವಷ್ಟರಲ್ಲಿ "ನೀನು ಬರೋವರೆಗೂ ತಟ್ಟೆ ಮುಟ್ಟಲ್ಲ ಅಂತ ಕೂತಿದಾಳಪ್ಪ" ಆಗಿರುತ್ತಿತ್ತು. ಮೊನ್ನೆಯಂತೂ ಮಗ ಬಾಯೇ ಬಿಟ್ಟಿರಲಿಲ್ಲ. ಸೊಸೆಯ ಹತ್ತಿರ ಹೋಗಿ "ತಪ್ಪು ನಂದೇ ಅಂತ ಒದ್ದಾಡ್ತಿದಾನೆ ಕಣಮ್ಮ" ಎಂದು ಬೆಣ್ಣೆ ಹಚ್ಚಿ ಬಂದಿದ್ದಳು. ಮನೆ ತಣ್ಣಗಿದೆಯಲ್ಲ, ಯಾರ ಗಂಟು ಹೋಯಿತು?

ನಾಳೆ ಮೊಮ್ಮಗಳು ಹಸುಗೂಸನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಬರಬೇಕು, ಅದೂ ಇದೇ ಕಾರಿನಲ್ಲಿ. ಮಗ ಅಂತೂ ಇಂತೂ ಹೊಸ ಪೈಪು ಕೂರಿಸಿದ್ದ. ಉಳಿದದ್ದು ಪೈಪಿನೊಳಗಿನ ಗಾಳಿ ತೆಗೆಯುವುದು. ಅದಕ್ಕೆ ಇಬ್ಬರು ಬೇಕು: ಒಬ್ಬರು ಒಳಗೆ ಬ್ರೇಕು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ನಟ್ಟು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿ ಮಾಡಬೇಕು. ಈ ಮನೆಯಲ್ಲಿ ಮೂವರು ಬೇಕಾಯಿತು. ಸೊಸೆ ಗಾಜು ಏರಿಸಿಕೊಂಡು ಸ್ಟೇರಿಂಗಿನ ಮುಂದೆ ಕೂತಳು, ಅತ್ತೆಗೆಂದು ಬೆರಳಷ್ಟು ಸಂದಿ ಬಿಟ್ಟು. ಮಗ ಹಿಂದಿನ ಚಕ್ರದ ಬಳಿ ಅಂಗಾತ ಮಲಗಿದ. ಮುದುಕಿ ನಡುವೆ ನಿಂತಳು, ಸೆರಗು ಸರಿಮಾಡಿಕೊಂಡು.

"ನಾನು ಹೇಳೋವರೆಗೂ ಕಾಲು ಎತ್ತಬಾರ್ದು ಅನ್ನು. ಜನ್ಮದಲ್ಲಿ ಒಂದ್ಸಲನಾದ್ರೂ ಹೇಳಿದ ಮಾತು ಕೇಳ್ಲಿ!"

ಮುದುಕಿ ಸಂದಿಗೆ ಬಾಯಿಟ್ಟು, "ಕಾಲು ನೋಯಿಸ್ಕೋಬೇಡ ಅಂತಿದಾನೆ ಕಣಮ್ಮ. ಸಾಕಾದ್ರೆ ಎತ್ತಿಬಿಡ್ಬೇಕಂತೆ" ಎಂದಳು. ಸೊಸೆಯ ಮುಖ ಸ್ವಲ್ಪ ಸಡಿಲವಾಯಿತು. ಕಾಲೂ ಸಡಿಲವಾಯಿತು.

ನಾಲ್ಕು ಚಕ್ರ ಸುತ್ತಿ ಬಂದರೂ ಬ್ರೇಕು ಕಲಸಿಟ್ಟ ಹಿಟ್ಟಿನ ಹಾಗೆ ಒಳಕ್ಕೇ ಹೋಗುತ್ತಿತ್ತು. ಮಗ ಬೆವರು ಒರೆಸಿಕೊಂಡು ಎದ್ದ. "ನಾನು ಬಿಗಿ ಮಾಡೋ ಮುಂಚೆ ಕಾಲು ಎತ್ತಿದ್ರೆ ಮಾತ್ರ ಗಾಳಿ ವಾಪಸ್ ಹೋಗ್ಬೇಕು. ನೀನು ಸರಿಯಾಗಿ ಹೇಳ್ತಿದೀಯ ತಾನೇ ಅಮ್ಮ?"

"ನಾನಾ? ಚಾಚೂ ತಪ್ಪದೆ!"

"ಹೋಗ್ಲಿ ಬಿಡು. ಎರಡು ಸಲ ಒತ್ತಿದ್ರೆ ಹಿಡಿಯುತ್ತೆ. ನಾಳೆ ನಿಧಾನಕ್ಕೆ ಕರ್ಕೊಂಡು ಬಂದ್ರಾಯ್ತು."

ಮುದುಕಿ ಕಾರಿನ ಕಡೆ ತಿರುಗಿದಳು. ಎರಡು ಸಲ ಒತ್ತುವಷ್ಟು ಹೊತ್ತು ಎದುರಿನ ಲಾರಿ ಕಾಯುತ್ತದೆಯೇ? ಇನ್ನೂ ಕಣ್ಣು ಬಿಡದ ಕೂಸು ಅದರೊಳಗೆ! ಬಾಯಿ ಬಿಟ್ಟರೆ ತನ್ನ ಬಂಡವಾಳ ಬಯಲು, ಬಿಡದಿದ್ದರೆ ದೇವರೇ ಗತಿ. ಅವಳಿಗೆ ಅಳುವೇ ಬಂತು.

"ಇಳಿಯಮ್ಮ ಕೆಳಗೆ" ಎಂದು ಗಾಜು ಬಡಿದಳು. "ಇವನು ಎತ್ತಬೇಡ ಅಂದಿದ್ದ, ನಾನೇ ಎತ್ತು ಅಂದೆ. ಇವತ್ತೊಂದೇ ಅಲ್ಲ, ವಾರದಿಂದ ನಾನು ಹೇಳಿದ್ದೆಲ್ಲ ನನ್ನದೇ ಮಾತು. ಬೈಕೊಳ್ಳಿ, ಏನಾದ್ರೂ ಮಾಡಿ. ಮಗು ಮಾತ್ರ ಈ ಬ್ರೇಕಲ್ಲಿ ಬರಬಾರ್ದು."

ಸೊಸೆ ಬಾಗಿಲು ತೆಗೆದು ಗಂಡನ ಕಡೆ ತಿರುಗಿದಳು. "ತಪ್ಪು ನಂದೇ ಅಂತ ಒದ್ದಾಡಿದ್ರಂತೆ?"

"ನಾನ್ಯಾವಾಗ ಅಂದೆ?"

"ಅದೇ ಅನ್ಕೊಂಡೆ. ನಿಮಗೆಲ್ಲಿ ಬರ್ಬೇಕು ಅಷ್ಟು ಒಳ್ಳೆ ಮಾತು!"

ಮಗ ಸ್ಪ್ಯಾನರನ್ನು ಅಂಗಿಗೆ ಒರೆಸಿದ, ಮತ್ತೊಮ್ಮೆ ಒರೆಸಿದ. "ಅಂದಿರ್ಲಿಲ್ಲ. ಅನ್ಬೇಕಿತ್ತು" ಎಂದು ಚಕ್ರದ ಬಳಿ ಮಲಗಿಬಿಟ್ಟ. "ಒತ್ತು."

"ಒತ್ತಿದೀನಿ."

"ಹಿಡ್ಕೋ. ಎತ್ತಬೇಡ."

"ಹಿಡ್ಕೊಂಡೇ ಇದೀನಿ, ಬೊಬ್ಬೆ ಹೊಡೀಬೇಡಿ."

ನಾಲ್ಕನೇ ಚಕ್ರ ಮುಗಿದಾಗ ಬ್ರೇಕು ಕಲ್ಲಿನಂತೆ ನಿಂತಿತು. ಆದರೂ ಬೆಳಿಗ್ಗೆ ಗ್ಯಾರೇಜಿನವನಿಗೆ ಒಮ್ಮೆ ತೋರಿಸಿಕೊಂಡೇ ಹೋಗೋಣ ಎಂದು ಮಗನೇ ಹೇಳಿದ. ಸೊಸೆ ನಕ್ಕಳು. ಕೂಸಿನ ಹಾಸಿಗೆ ಎಲ್ಲಿ ಹಾಕುವುದು, ಬಿಸಿನೀರಿಗೇನು ಮಾಡುವುದು ಎಂದು ಇಬ್ಬರೂ ಮಾತಾಡುತ್ತ ಒಳಗೆ ಹೋದರು.

ಮುದುಕಿಗೆ ಹಾಲು ಕುಡಿದಷ್ಟು ಸಂತೋಷವಾಯಿತು, ಹೊಟ್ಟೆಯೂ ಉರಿಯಿತು. ಕುರ್ಚಿಯಲ್ಲಿ ಕೂತು, ಒಳಗಿನಿಂದ ಯಾರಾದರೂ ಕೂಗುತ್ತಾರೇನೋ ಎಂದು ಕಿವಿಗೊಟ್ಟಳು. ಒಳಗೆ ಮಾತು ನಡೆದೇ ಇತ್ತು. ಅವಳನ್ನು ಯಾರೂ ಕೂಗಲಿಲ್ಲ.