ಕಾಟಮ್ಮನ ಪ್ರಾರ್ಥನೆಗೆ ಸೊಸೆಯ ಉತ್ತರ

ಮಧುಗಿರಿ ಬೆಟ್ಟದ ಬುಡದ ಚರ್ಚಿನಲ್ಲಿ ಕಾಟಮ್ಮ ಪ್ರಾರ್ಥನೆಗೆ ಎದ್ದು ನಿಂತಳೆಂದರೆ ಕುಳಿತವರ ಎದೆ ಡವಡವ ಅನ್ನುತ್ತಿತ್ತು. ದೀಕ್ಷಾಸ್ನಾನದಲ್ಲಿ ಮಾರ್ತಾ ಅಂತ ಹೆಸರಿಟ್ಟಿದ್ದರೂ ಊರು ಅದನ್ನು ಒಪ್ಪಿರಲಿಲ್ಲ, ಕಾಟಮ್ಮ ಕಾಟಮ್ಮನೇ. ಓದು ಬಾರದು, ಆದರೆ ಕೇಳಿ ಕೇಳಿಯೇ ಕೀರ್ತನೆಗಳೆಲ್ಲ ಬಾಯಿಗೆ ಬಂದಿದ್ದವು. ಒಂದು ಭಾನುವಾರ ತಪ್ಪಿಸಿದವಳಲ್ಲ. ನಾಲ್ಕು ಸಾಲು ರಾಗವಾಗಿ ಹೇಳಿ, ದೇವರನ್ನು ಹೊಗಳಿ, ಅವನು ಪ್ರಸನ್ನನಾಗಿದ್ದಾನೆ ಅನ್ನಿಸಿದ ಮೇಲೆ ಮೆಲ್ಲಗೆ ಮನೆಯ ಸುದ್ದಿಗೆ ಇಳಿಯುತ್ತಿದ್ದಳು.

“ತಂದೆಯೇ, ನಮ್ಮ ಮುತ್ತುರಾಜ ಪಾವಗಡದಿಂದ ಬರುವಾಗ ಬಾಯ್ತುಂಬ ಏಲಕ್ಕಿ ಹಾಕ್ಕೊಂಡು ಬರ್ತಾನೆ. ಯಾಕಂತ ನಿನಗೂ ಗೊತ್ತು, ನನಗೂ ಗೊತ್ತು.”

ಮಗ ಮುತ್ತುರಾಜು ಪಕ್ಕದಲ್ಲೇ ಕೈಮುಗಿದು ಕೂತಿರುತ್ತಿದ್ದ. ಏನು ಮಾಡಿಯಾನು? ಪ್ರಾರ್ಥನೆಯ ನಡುವೆ ಕಣ್ಣು ಬಿಡುವಂತಿಲ್ಲ, ಎದುರಾಡುವಂತಿಲ್ಲ. ಕೊನೆಗೆ ಎಲ್ಲರ ಜೊತೆ ತಾನೂ ಆಮೆನ್ ಅನ್ನಬೇಕು, ಅಂದರೆ ಹಾಗೇ ಆಗಲಿ ಅಂತ ಒಪ್ಪಿಕೊಳ್ಳಬೇಕು. ಮೊಮ್ಮಗಳು ಅನುಪಮಾ ಮೇಲೆ ಮಾತ್ರ ಅಜ್ಜಿಯ ದೂರಿರಲಿಲ್ಲ. “ಮಗು ಕಾಲೇಜಿಗೆ ನಡ್ಕೊಂಡು ಹೋಗ್ತೈತೆ ತಂದೆಯೇ, ಮುತ್ತುರಾಜನ ಕಲ್ಲೆದೆ ಕರಗಿಸು” ಅಂದ ವಾರವೇ ಮನೆಗೆ ಸ್ಕೂಟಿ ಬಂದಿತ್ತು.

ಆದರೆ ಎಲ್ಲರಿಗಿಂತ ಹೆಚ್ಚು ಸಲ ಹಲ್ಲು ಕಚ್ಚಿಕೊಂಡು ಆಮೆನ್ ಅಂದವಳು ಸೊಸೆ ಗಂಗಲಕ್ಷ್ಮಿ.

“ಕಳ್ಳಂಬೆಳ್ಳದ ಕೆರೆ ನೋಡ್ಕೊಂಡು ಬೆಳೆದೋಳು ತಂದೆಯೇ, ಸಾರಿನಾಗೂ ಕೆರೆಯನ್ನೇ ತುಂಬಿಸ್ತಾಳೆ. ಅವಳ ಕೈ ಹಿಡಿದು ನಡೆಸು.” ಆಮೆನ್. “ಸೂರ್ಯನ್ನ ಹುಟ್ಟಿಸಿದೋನು ನೀನು. ಅವನು ಹುಟ್ಟಿದ್ದನ್ನ ಇವಳಿಗೂ ಒಸಿ ತಿಳಿಸು.” ಆಮೆನ್.

ಮದುವೆಯಾಗಿ ಬಂದಾಗಿನಿಂದ ಗಂಗಲಕ್ಷ್ಮಿಗೆ ಇದ್ದದ್ದು ಒಂದೇ ಆಸೆ. ಒಂದು ಸಲ, ಒಂದೇ ಒಂದು ಸಲ, ತಾನೂ ಪ್ರಾರ್ಥನೆಯಲ್ಲೇ ಉತ್ತರ ಕೊಡಬೇಕು. ಆದರೆ ಚರ್ಚಿನಲ್ಲಿ ಮನೆಯವರ ಪರವಾಗಿ ಎದ್ದು ನಿಲ್ಲುವುದೂ, ಮನೆಯಲ್ಲೇ ಜನ ಸೇರಿ ಪ್ರಾರ್ಥಿಸುವ ಮನೆಕೂಟದಲ್ಲಿ ಕೊನೆಯ ಪ್ರಾರ್ಥನೆ ಹೇಳುವುದೂ ಮನೆಯ ಹಿರಿಯಾಕೆಯ ಹಕ್ಕು. ಹಿರಿಯಾಕೆ ಉಸಿರಿರುವ ತನಕ ಆ ಜಾಗ ಬಿಟ್ಟುಕೊಡಲಿಲ್ಲ.

ಈಗ ಕಾಟಮ್ಮ ತೀರಿಕೊಂಡು ವರ್ಷ. ಮನೆಯಲ್ಲಿ ಸ್ಮರಣೆಯ ಕೂಟ. ಕೊನೆಯ ಪ್ರಾರ್ಥನೆ ಗಂಗಲಕ್ಷ್ಮಿಯದು. ಕೋಳಿ ಸಾರಿಗೆ ಮಸಾಲೆ ರುಬ್ಬುತ್ತಲೇ ಅವಳು ಮಾತು ಜೋಡಿಸಿಕೊಳ್ಳುತ್ತಿದ್ದಳು. ತುಟಿ ಅಲ್ಲಾಡುವುದನ್ನು ಕಂಡು ಮುತ್ತುರಾಜುವಿಗೆ ದಿಗಿಲಾಯಿತು.

“ಲೇ, ಜನ ಸೇರ್ತಾರೆ. ಒಳ್ಳೇದು ನಾಕು ಮಾತು ಹೇಳಿ ಮುಗಿಸ್ಬುಡು.”

“ನಾನು ಮಾತಾಡೋದು ದೇವರ ಹತ್ರ. ನಿಮಗ್ಯಾಕೆ?”

ಅನುಪಮಾ ಈರುಳ್ಳಿ ಹೆಚ್ಚುತ್ತ, “ಅಪ್ಪಾ, ಅಮ್ಮ ನಿನ್ನೆಯಿಂದ ರಿಹರ್ಸಲ್ ಮಾಡ್ತಾವ್ಳೆ. ಅಜ್ಜಿಗೆ ಇವತ್ತು ಐತೆ” ಅಂದಳು.

ಸಂಜೆ ನಡುಮನೆ ತುಂಬಿತು. ಕಾಟಮ್ಮನ ಜೊತೆಗಾತಿ ಈಶ್ವರಮ್ಮ ಮುಂದಿನ ಚಾಪೆ ಹಿಡಿದಳು. ಪಾಸ್ಟರ್ ನವೀನ್ ಕುಮಾರ್ ಊರಿಗೆ ಹೊಸಬರು, ಕಾಟಮ್ಮನನ್ನು ಕಂಡವರಲ್ಲ. ಯಾರೋ ಹೇಳಿದ್ದನ್ನು ನಂಬಿಕೊಂಡು, “ಯಾರ ಮೇಲೂ ಒಂದು ದೂರು ಹೇಳದ ಮೃದುಭಾಷಿ ತಾಯಿ” ಎಂದುಬಿಟ್ಟರು. ನಡುಮನೆಯಲ್ಲೆಲ್ಲ ಒಮ್ಮೆಗೇ ಕೆಮ್ಮು ಎದ್ದಿತು. ಈಶ್ವರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಗಂಗಲಕ್ಷ್ಮಿಗೆ ಮಾತ್ರ ನಗು ಬರಲಿಲ್ಲ. ಯಾರಪ್ಪಾ ಈ ಮೃದುಭಾಷಿ? ತಾನು ಇಷ್ಟು ಕಾಲ ಉತ್ತರ ಕೂಡಿಟ್ಟುಕೊಂಡದ್ದು ಈ ಹೆಂಗಸಿಗಲ್ಲ. ಹೀಗೇ ಬಿಟ್ಟರೆ ಜಗಳವಾಡಲು ಅತ್ತೆಯೇ ಉಳಿಯುವುದಿಲ್ಲ.

ಎದ್ದು ನಿಂತಳು. ಎಲ್ಲರೂ ಕಣ್ಣು ಮುಚ್ಚಿದರು.

“ಕರ್ತನೇ, ನಮ್ಮತ್ತೆ ನಿನ್ನ ಹತ್ರ ಬಂದು ವರ್ಷ ಆಯ್ತು. ನಿನ್ನ ಕಿವಿ ಹೆಂಗೈತೆ?”

“ಸ್ತೋತ್ರ!” ಅಂತ ಪ್ರಾರ್ಥನೆಗೆ ದನಿಗೂಡಿಸಿದಳು ಈಶ್ವರಮ್ಮ.

“ಪಾಸ್ಟರ್ ಅಯ್ಯನೋರು ಪಾಪ, ತಿಳೀದೆ ಹೇಳವ್ರೆ, ಮನ್ನಿಸು. ನಮ್ಮತ್ತೆ ದೂರು ಹೇಳ್ದಿರೋ ದಿನಾನೇ ಇರ್ಲಿಲ್ಲ. ಆದ್ರೆ ನಿನಗೆ ಅರ್ಧಾನೇ ಹೇಳ್ತಿದ್ರು. ಸಾರು ನೀರು ಅಂದ್ರಲ್ಲ, ಅದೇ ಸಾರನ್ನ ಮತ್ತೆ ಹಾಕಿಸ್ಕೊಂಡು ಬಟ್ಟಲೆತ್ತಿ ಕುಡೀತಿದ್ರು, ಅದನ್ನ ಹೇಳಿದ್ರಾ? ನಾನು ಬೇಗ ಏಳಲ್ಲ ಅಂದ್ರಲ್ಲ, ರಾತ್ರಿ ಅಷ್ಟೊತ್ತಿನ ತನಕ ಕೂತು ಅವರ ಮಂಡಿಗೆ ಎಣ್ಣೆ ತಿಕ್ಕೋಳು ಯಾರು ಅಂತ ಹೇಳಿದ್ರಾ?”

“ಸ್ತೋತ್ರ, ಸ್ತೋತ್ರ!”

ಅವಳು ಜೋಡಿಸಿಕೊಂಡಿದ್ದ ಮಾತು ಇಲ್ಲಿಗೆ ಮುಗಿದಿತ್ತು. ಆಮೆನ್ ಅಂದುಬಿಟ್ಟರೆ ಆಯಿತು. ಬಾಯಿ ನಿಲ್ಲಲಿಲ್ಲ.

“ನನಗೆ ಡೆಂಗಿ ಬಂದು ಶಿರಾ ಆಸ್ಪತ್ರೇಲಿ ಮಲಗಿದ್ದಾಗ ಮಂಚದ ಪಕ್ಕ ನಿಂತು ನಿನ್ನ ಹತ್ರ ಮಾತಾಡಿದ್ರು. ನಾನು ನಿದ್ದೆ ಬಂದೋಳಂಗೆ ಎಲ್ಲಾ ಕೇಳಿಸ್ಕೊಂಡೆ. ‘ನೀರೋ ಗೀರೋ, ಅವಳು ಮಾಡಿದ್ದೇ ನನಗೆ ಗಂಟಲಲ್ಲಿ ಇಳಿಯೋದು. ಎಬ್ಬಿಸಿ ಕಳಿಸು. ಇಲ್ಲಾಂದ್ರೆ ನಾನೇ ಅಲ್ಲಿಗೆ ಬಂದು ಮಾತಾಡ್ತೀನಿ’ ಅಂದ್ರು. ನೀನು ಹೆದರ್ಕೊಂಡು ಎಬ್ಬಿಸಿಬುಟ್ಟೆ. ಈಗ ಅವರು ಅಲ್ಲಿಗೇ ಬಂದವ್ರೆ. ಇಲ್ಲಿಂದ ನನ್ನ ಸುದ್ದಿ ನಿನಗೆ ಹೇಳೋರು ಯಾರವ್ರೆ, ಸ್ವಾಮಿ?”

ಈ ಸಲ ಸ್ತೋತ್ರದ ಬದಲು ಈಶ್ವರಮ್ಮ ಮೂಗೊರೆಸಿಕೊಂಡಳು. ಹೆಂಡತಿ ಇನ್ನೇನು ಅತ್ತುಬಿಡುತ್ತಾಳೆ ಅಂತ ಮುತ್ತುರಾಜು ಗಟ್ಟಿಯಾಗಿ “ಆಮೆನ್!” ಅಂದ.

“ಇಗೋ ನೋಡು ತಂದೆಯೇ.” ಗಂಗಲಕ್ಷ್ಮಿಯ ದನಿ ಥಟ್ಟನೆ ತಿಳಿಯಾಯಿತು. “ಅವರಮ್ಮ ಮಾತಾಡುವಾಗ ಒಂದು ದಿನಾನೂ ಅಡ್ಡ ಬಂದ ಮನುಷ್ಯ ಅಲ್ಲ. ಹೆಂಡ್ತಿ ಬಾಯಿ ತೆಗೆದ್ರೆ ಆಮೆನ್ನಂತೆ.”

ಅನುಪಮಾ ಕಿಸಕ್ಕನೆ ನಕ್ಕಳು. ಮುತ್ತುರಾಜುವಿನ ತಲೆ ಇನ್ನಷ್ಟು ತಗ್ಗಿತು. ನವೀನ್ ಕುಮಾರ್ ಒಂದು ಕಣ್ಣು ತೆರೆದು ಸುತ್ತ ನೋಡಿದರು. ಇದು ಈ ಊರಿನ ಪದ್ಧತಿಯೇ ಇರಬೇಕೆಂದುಕೊಂಡು ಮತ್ತೆ ಮುಚ್ಚಿದರು.

“ಇನ್ನೂ ಐತೇನೇ ಗಂಗೂ?” ಈಶ್ವರಮ್ಮ ಪಿಸುಗುಟ್ಟಿದಳು. “ಮುದ್ದೆ ಆರ್ತೈತೆ ಕಣಮ್ಮ.”

ಗಂಗಲಕ್ಷ್ಮಿ ಕಣ್ಣು ತೆರೆಯಲಿಲ್ಲ. ಸೆರಗು ಸರಿಮಾಡಿಕೊಂಡು ಕೈಗಳನ್ನು ಮತ್ತೆ ಜೋಡಿಸಿದಳು.

“ಇನ್ನು ಈಶ್ವರಮ್ಮನ ವಿಷಯ, ತಂದೆಯೇ.”

ಈಶ್ವರಮ್ಮ ಗಪ್ಪನೆ ಕಣ್ಣು ಮುಚ್ಚಿಕೊಂಡಳು.