ವಾಲಿದ ನಕ್ಷತ್ರ

"ಇನ್ನೊಂದ್ಸಲ ಓದು," ಎಂದಳು ಸೀಲಮ್ಮ, ಕೈಯಲ್ಲಿದ್ದ ಬ್ಲೇಡನ್ನು ಕೆಳಗಿಡದೆ.

"ನೂರು ಸಲ ಓದಿದ್ರೂ ಅದೇ ಕಣೇ. ಅರ್ಜಿ ತಿರಸ್ಕರಿಸಲಾಗಿದೆ. ತಾರೀಖು ಮೇ ಇಪ್ಪತ್ತೆಂಟು." ಲಾರಿಯವಳು ಕಾಗದವನ್ನು ರಬ್ಬರ್ ಚೂರುಗಳ ಮೇಲೆ ಒಗೆದಳು. "ಮೇನಲ್ಲಿ ಬರ್ದಿದ್ದು ಆಗಸ್ಟಲ್ಲಿ ಬಂದಿದೆ. ಎದುರುಗಡೆ ಕಟ್ಟಡದಿಂದ ಈ ಅಂಗಡಿಗೆ ರಸ್ತೆ ದಾಟೋಕೆ ಎರಡೂವರೆ ತಿಂಗಳು! ತೆವಳ್ಕೊಂಡು ಬಂದಿದ್ರೂ ಇಷ್ಟು ಹೊತ್ತಾಗ್ತಿರ್ಲಿಲ್ಲ."

ಸೀಲಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಸರ್ಕಾರಿ ಕಚೇರಿಯ ಎದುರು, ಮೂರು ಜನ ನಿಂತರೆ ನಾಲ್ಕನೆಯವರು ಬೀದಿಯಲ್ಲೇ ಉಳಿಯಬೇಕಾದಂಥ ಅಂಗಡಿಯಲ್ಲಿ ಇಪ್ಪತ್ತು ವರ್ಷ ಕೂತು ರಬ್ಬರ್ ಸೀಲು ಮಾಡಿದವಳಿಗೆ ಬೀದಿಯವರು ಕೊಟ್ಟ ಬಿರುದು. ಎದುರಿನ ಮೂರಂತಸ್ತಿನ ಕಟ್ಟಡದಲ್ಲಿ ಏನು ಮಂಜೂರಾದರೂ, ಏನು ತಿರಸ್ಕಾರವಾದರೂ ಅವಳ ಕೈಯಿಂದ ಹೋದ ರಬ್ಬರೇ ಕಾಗದದ ಮೇಲೆ ಬೀಳಬೇಕು. ಅಲ್ಲಿಯವರಿಗೆ ಅವಳು ಬೇಕಾದವಳಾಗಿದ್ದಳು. ಕೂಗಿದರೆ ಓಡಿ ಬರುತ್ತಿದ್ದಳು, ಎದುರು ಮಾತಾಡುತ್ತಿರಲಿಲ್ಲ. ಅದೇ ಕಟ್ಟಡದ ಮೊದಲ ಮಹಡಿಗೆ ತನ್ನದೇ ಅರ್ಜಿ ಹಿಡಿದು ಹತ್ತಿದ ದಿನದಿಂದ ಮಾತ್ರ ಅವಳನ್ನು ಕಂಡರೆ ಅಲ್ಲಿಯವರು ಮುಖ ಸಿಂಡರಿಸುತ್ತಿದ್ದರು.

ಅರ್ಜಿಯಲ್ಲಿ ಕೇಳಿದ್ದೇನೂ ಅವರ ಮನೆಯ ಗಂಟಲ್ಲ. ಇಬ್ಬರು ಹೆಂಗಸರು ಹನ್ನೊಂದು ವರ್ಷದಿಂದ ಒಂದೇ ಸೂರಿನಡಿ ಸಂಸಾರ ಮಾಡುತ್ತಿದ್ದಾರೆ. ಏಳು ವರ್ಷದ ಮಗಳು ಬಟಾಣಿಯನ್ನು ಹೆತ್ತವಳು ಲಾರಿಯವಳು. ಮಗುವಿಗೆ ಮೂರು ತಿಂಗಳಾದಾಗ ಅವಳು ಮತ್ತೆ ಲಾರಿಯ ಸ್ಟೇರಿಂಗ್ ಹಿಡಿದು ಹೊರಟಳಲ್ಲ, ಅಂದಿನಿಂದ ಎತ್ತಿ ಆಡಿಸಿದವಳು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡು ಬೆಳಗು ಮಾಡಿದವಳು ಸೀಲಮ್ಮ. ಕುಟುಂಬ ದಾಖಲೆಯಲ್ಲಿ ಮಗುವಿನ ಹೆಸರಿನ ಮುಂದೆ ಇಬ್ಬರು ತಾಯಂದಿರ ಹೆಸರೂ ಇರಲಿ ಎಂದು ಜನವರಿಯಲ್ಲಿ ಅರ್ಜಿ ಹಾಕಿದರು. ಜೂನ್ ಒಂದರಿಂದ ಅದಕ್ಕೆ ಅವಕಾಶ ಕೊಡುವ ಹೊಸ ಕಾನೂನೂ ಬಂತು. ಆ ದಿನ ಬಾಕಿ ಇದ್ದ ಅರ್ಜಿಗಳನ್ನೆಲ್ಲ ಹೊಸ ಕಾನೂನಿನಂತೆ ಒಪ್ಪಿಕೊಳ್ಳಲೇಬೇಕು. ಅದಕ್ಕೆ ಮೊದಲೇ ತಿರಸ್ಕಾರವಾಗಿದ್ದರೆ ಮಾತ್ರ ಮೂರು ವರ್ಷ ಮತ್ತೆ ಬಾಗಿಲು ತಟ್ಟುವ ಹಾಗಿಲ್ಲ. ಈಗ ನೋಡಿದರೆ ಕಾನೂನು ಬರುವ ನಾಲ್ಕೇ ನಾಲ್ಕು ದಿನ ಮೊದಲು ತಿರಸ್ಕರಿಸಿದ್ದೇವೆ ಎನ್ನುತ್ತಿದೆ ಈ ಕಾಗದ.

ಮೂರು ವರ್ಷ ಎಂದರೇನೆಂದು ಇಬ್ಬರಿಗೂ ಹಿಂದಿನ ತಿಂಗಳೇ ಗೊತ್ತಾಗಿತ್ತು. ಶಾಲೆಯ ದಾಖಲೆಯಲ್ಲಿ ಸೀಲಮ್ಮ 'ಚಿಕ್ಕಮ್ಮ'. ಬಟಾಣಿ ಜಾರುಬಂಡಿಯಿಂದ ಬಿದ್ದು ಕೈ ಮುರಿದುಕೊಂಡ ದಿನ ಲಾರಿಯವಳು ಎಂಟು ಗಂಟೆಯ ದಾರಿಯಲ್ಲಿದ್ದಳು. ಆಸ್ಪತ್ರೆಯ ಕೌಂಟರಿನವಳು, "ಚಿಕ್ಕಮ್ಮನ ಸಹಿ ನಡೆಯಲ್ಲ, ತಾಯೀನ ಕರೀರಿ" ಎಂದು ಫಾರಂ ಹಿಂದಕ್ಕೆ ನೂಕಿದಳು. ಪಟ್ಟಿ ಕಟ್ಟಿ ಎಂಟು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಮೊದಲು ಅತ್ತ ಮಗು ಆಮೇಲೆ ಅಳುವುದನ್ನೂ ಬಿಟ್ಟು ಸೀಲಮ್ಮನ ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಕೂತಿತ್ತು. ಆ ತುದಿಯಲ್ಲಿ ಹಲ್ಲಿನ ಗುರುತು ಈಗಲೂ ಇದೆ. ಅವಳು ಆ ಸೀರೆಯನ್ನು ಮತ್ತೆ ಉಡಲಿಲ್ಲ.

ಸೀಲಮ್ಮ ಕಾಗದ ಎತ್ತಿಕೊಂಡಳು. ಅಕ್ಷರಗಳನ್ನು ಓದಲಿಲ್ಲ. ಸೀಲು ಮಾಡುವವರು ಕಾಗದ ಕಂಡರೆ ಮೊದಲು ನೋಡುವುದು ಸೀಲನ್ನೇ. ಇದರ ಕೆಳಗೂ ನೇರಳೆ ಬಣ್ಣದ ದುಂಡು ಸೀಲಿತ್ತು. ಸುತ್ತ ಕಚೇರಿಯ ಹೆಸರು, ಎರಡು ಬದಿಗೆ ಎರಡು ನಕ್ಷತ್ರ. ಅವಳು ಭೂತಗನ್ನಡಿ ಹಿಡಿದು ಬಗ್ಗಿದಳು. ಬಗ್ಗಿದವಳು ಏಳಲೇ ಇಲ್ಲ.

"ಏನಾಯ್ತೇ?"

"ಎಡಗಡೆ ನಕ್ಷತ್ರ ನೋಡು."

"ನಕ್ಷತ್ರಾನೇ? ನನ್ನ ತಲೆ ಸಿಡೀತಿದೆ, ನಿನಗೆ ನಕ್ಷತ್ರದ ಚಿಂತೆ."

"ವಾಲಿದೆ. ಕುಡ್ದವನ ಥರ ವಾಲಿದೆ. ಒಂದು ಮೂಲೆ ಹರ್ದಿದೆ. ಇದು ನಾನು ಕೆಡಿಸಿದ್ದು."

ಸರ್ಕಾರಿ ಸೀಲು ಸವೆದರೆ ಹಳೆಯದನ್ನು ಅಂಗಡಿಗೆ ತಂದು, ಕಣ್ಣೆದುರು ಕತ್ತರಿಸಿ, ಹೊಸದನ್ನು ಒಯ್ಯಬೇಕು. ಹೊಸ ಸೀಲಿನ ಮೊದಲ ಗುರುತನ್ನು ಅಂಗಡಿಯ ಮಾದರಿ ಪುಸ್ತಕದಲ್ಲಿ ಒತ್ತಿ, ತಾರೀಖು ಹಾಕಿ, ಒಯ್ಯುವವರು ಸಹಿ ಮಾಡಬೇಕು. ಕಳೆದ ತಿಂಗಳು ಈ ಸೀಲನ್ನು ಒಯ್ಯಲು ಬಂದವನು ಮೊದಲ ಮಹಡಿಯ ಗುಮಾಸ್ತ. ಯಾರೇ ಹೋದರೂ 'ನಾಳೆ ಬಾ' ಎನ್ನುವುದರಿಂದ ಬೀದಿಯಲ್ಲೆಲ್ಲ ಅವನು ನಾಳೆಬಾ ಎಂದೇ ಪ್ರಸಿದ್ಧ. ಜನ್ಮದಲ್ಲಿ ಒಮ್ಮೆ ಅವನಿಗೆ ಅವಸರವಾಗಿದ್ದು ಅಂದೇ. ಒತ್ತುವಾಗ ಅಚ್ಚಿನಲ್ಲಿ ನಕ್ಷತ್ರ ತಿರುಗಿಕೊಂಡಿತ್ತು, ಅಂಚು ಕತ್ತರಿಸುವಾಗ ಬ್ಲೇಡೂ ತಾಗಿತ್ತು. ಸೀಲಮ್ಮ ನಾಚಿಕೆಯಿಂದ, "ಸರ್, ಸರಿಯಾಗಿಲ್ಲ. ಸಾಯಂಕಾಲ ಬೇರೆ ಮಾಡ್ಕೊಡ್ತೀನಿ" ಎಂದಿದ್ದಳು. ಅವನು ಸೀಲನ್ನು ಕಸಿದುಕೊಂಡು, "ಯಾರಮ್ಮ ನೋಡ್ತಾರೆ ಇದನ್ನ! ಮೇಲೆ ಫೈಲು ಕಾಯ್ತಿವೆ" ಎಂದು ಪುಸ್ತಕದಲ್ಲಿ ಸಹಿ ಗೀಚಿ ಹೋಗಿದ್ದ.

ಅವಳು ಪುಸ್ತಕ ತೆಗೆದಳು. ಜುಲೈ ಒಂಬತ್ತು. ವಾಲಿದ ನಕ್ಷತ್ರ. ಪಕ್ಕದಲ್ಲಿ ನಾಳೆಬಾನ ಸಹಿ. ಜುಲೈನಲ್ಲಿ ಹುಟ್ಟಿದ ಸೀಲು ಮೇ ತಿಂಗಳ ಕಾಗದದ ಮೇಲೆ ಕೂತಿತ್ತು.

ಲಾರಿಯವಳಿಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಅವಳನ್ನು ಹಿಡಿಯುವುದೇ ಕಷ್ಟವಾಯಿತು. "ಕಳ್ಳ ನನ್ಮಕ್ಳು! ಈಗ್ಲೇ ಹೋಗ್ತೀನಿ. ಆ ಮೇಜು ಉಲ್ಟಾ ಮಾಡಿ ಬರ್ತೀನಿ."

"ನೀನು ಮೇಜು ಉಲ್ಟಾ ಮಾಡಿದ್ರೆ ಅವ್ರಿಗೆ ಅನುಕೂಲ. ಪೊಲೀಸ್ ಕರೀತಾರೆ, ಕಾಗದದ ಮಾತು ಅಲ್ಲೇ ಮುಗೀತು. ನಾನು ಹೋಗ್ತೀನಿ."

"ನೀನಾ? ಆ ಸಾಹೇಬ ಕೆಮ್ಮಿದ್ರೆ ಸಾಕು, ನೀನು ಎದ್ದು ನಿಲ್ತೀಯ."

ಸೀಲಮ್ಮನಿಗೆ ಸಿಟ್ಟು ಬಂತು. ಮಾತು ಸುಳ್ಳಾಗಿದ್ದರೆ ಬರುತ್ತಿರಲಿಲ್ಲ. ಅಂಗಡಿಯ ಮುಕ್ಕಾಲು ಪಾಲು ಕೆಲಸ ಆ ಕಟ್ಟಡದ್ದು. ಅದನ್ನು ಉಳಿಸಿಕೊಳ್ಳಲು ಇಪ್ಪತ್ತು ವರ್ಷ ಹಲ್ಲು ಕಿರಿದಿದ್ದಳು. ಹೋದರೆ ಅದೂ ಹೋಯಿತು. ಮೇಲಾಗಿ, ತಾನು ಕೆಟ್ಟ ಸೀಲು ಕೊಟ್ಟಿದ್ದೇನೆಂದು ತಾನೇ ಬಾಯಿ ಬಿಟ್ಟು ಹೇಳಬೇಕು.

ಮರುದಿನ ಲಾರಿಯವಳು ಲೋಡಿನ ಮೇಲೆ ಹೊರಟಳು. ಸೀಲಮ್ಮ ಬಟಾಣಿಯ ಜಡೆ ಹೆಣೆದು, ಕೈಯ ಪ್ಲಾಸ್ಟರಿನ ಮೇಲೆ ಕೇಳಿದಷ್ಟು ಹೂವಿನ ಸೀಲು ಒತ್ತಿ, ಶಾಲೆಗೆ ಬಿಟ್ಟಳು. ಗೇಟಿನ ಬಳಿ ಮಗು ರೂಢಿಯಂತೆ ದನಿ ತಗ್ಗಿಸಿ "ಬರ್ತೀನಮ್ಮ" ಎಂದಿತು, ಆಮೇಲೆ ಮೇಷ್ಟ್ರಿಗೆ ಕೇಳುವ ಹಾಗೆ "ಬರ್ತೀನಿ ಚಿಕ್ಕಮ್ಮ" ಎಂದಿತು. ಏಳು ವರ್ಷದ ಮಗುವಿಗೆ ಇಂಥ ಕಳ್ಳ ಲೆಕ್ಕ ಕಲಿಸಿದವರು ತಾವೇ. ಸೀಲಮ್ಮ ಅಂಗಡಿಗೆ ಬಂದು ದೂರಿನ ಅರ್ಜಿಯನ್ನು ಎರಡು ಪ್ರತಿ ಬರೆದು, ಮಾದರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟಿದಳು. ದಾಟಲು ಎರಡು ನಿಮಿಷವೂ ಹಿಡಿಯಲಿಲ್ಲ.

ಮೊದಲ ಮಹಡಿಯಲ್ಲಿ ಹತ್ತು ಹನ್ನೆರಡು ಜನ ಬೆಂಚುಗಳ ಮೇಲೆ ಕಾಯುತ್ತಿದ್ದರು. ಗಾಜಿನ ಅರೆಗೋಡೆಯ ಹಿಂದೆ ನೋಂದಣಿ ಸಾಹೇಬರು ಟೀ ಕುಡಿಯುತ್ತಿದ್ದರು. ಇಸ್ತ್ರಿ ಕೆಡದ ಅಂಗಿ, ಇಸ್ತ್ರಿ ಕೆಡದ ಮಾತು.

"ಏನಮ್ಮ ಸೀಲಮ್ಮ, ನಾವೇನೂ ಕರೆಸಿಲ್ವಲ್ಲ?"

"ಇವತ್ತು ನಾನೇ ಬಂದೆ ಸರ್. ಈ ಆದೇಶದ ವಿಷಯ."

ಸಾಹೇಬರು ಕಾಗದ ಮುಟ್ಟಲಿಲ್ಲ. "ಬಂದಿದೆಯಲ್ಲ, ಮುಗೀತು. ಹಳೇ ಕಾನೂನಿನ ಪ್ರಕಾರ ಆಗಿದೆ. ಮೂರು ವರ್ಷ ಬಿಟ್ಟು ಬನ್ನಿ. ಅಷ್ಟೊತ್ತಿಗೆ ನಿಮ್ಮಿಬ್ಬರ ಹುಚ್ಚೂ ಇಳಿದಿರುತ್ತೆ."

"ಈ ಆದೇಶ ಮೇನಲ್ಲಿ ಆಗಿಲ್ಲ ಸರ್."

ಗ್ಲಾಸು ತಟ್ಟೆಯ ಮೇಲೆ ನಿಂತಿತು. ಅವಳು ಪುಸ್ತಕ ಬಿಚ್ಚಿ ಕಾಗದದ ಪಕ್ಕದಲ್ಲಿಟ್ಟು ಹೇಳಬೇಕಾದ್ದನ್ನೆಲ್ಲ ಹೇಳಿದಳು. ದನಿ ನಡುಗಿತು, ಆದರೂ ಹೇಳಿದಳು. ಹಳೆಯ ಸೀಲಿನ ಗುರುತು ಇದು, ಎರಡೂ ನಕ್ಷತ್ರ ನೆಟ್ಟಗಿವೆ. ಅದನ್ನು ಕತ್ತರಿಸಿದ್ದು ಜುಲೈ ಒಂಬತ್ತಕ್ಕೆ. ಹೊಸದು ಇದು, ತಾನು ಕೆಡಿಸಿದ್ದು. ಸಹಿ ನಿಮ್ಮ ಗುಮಾಸ್ತರದ್ದು. ಬಾಗಿಲಲ್ಲಿ ನಿಂತಿದ್ದ ನಾಳೆಬಾ ತನ್ನ ಸಹಿಯನ್ನು ಯಾರದೋ ಎಂಬಂತೆ ನೋಡಿದ.

ಸಾಹೇಬರು ನಕ್ಕರು. "ಪುಸ್ತಕ ಇಲ್ಲಿಟ್ಟು ಹೋಗಿ. ಪರಿಶೀಲಿಸ್ತೀವಿ."

ಸೀಲಮ್ಮ ಪುಸ್ತಕದ ಮೇಲೆ ಅಂಗೈ ಊರಿದಳು. "ಪುಸ್ತಕ ಅಂಗಡಿ ಬಿಡೋ ಹಾಗಿಲ್ಲ ಸರ್. ನಿಮ್ಮದೇ ನಿಯಮ. ಇವತ್ತು ನಾನೇ ಜೊತೆಗಿದ್ದೀನಿ ಅಂತ ತಂದೆ."

ಆಗ ನಗು ಆರಿತು. "ನೋಡಮ್ಮ, ಸೀಲು ಮಾಡೋಳು ನೀನು. ಒಂದು ಮಾಡಿದೋಳು ಇನ್ನೊಂದು ಮಾಡ್ಕೊಂಡು ಮನೇಲಿಟ್ಟಿರಲ್ಲ ಅಂತ ಏನು ಗ್ಯಾರಂಟಿ? ಸರ್ಕಾರಿ ಸೀಲು ನಕಲು ಮಾಡಿದ್ರೆ ಎಷ್ಟು ವರ್ಷ ಗೊತ್ತಾ? ನೀನು ಒಳಗೆ ಹೋದ್ರೆ ಆ ಮಗು ಗತಿ ಏನು? ಇನ್ನೊಬ್ಬಳೋ, ರಸ್ತೆ ಮೇಲಿರೋಳು. ಮಗೂನ ಸರ್ಕಾರಿ ಆಶ್ರಮಕ್ಕೆ ಹಾಕೋಕೆ ನನಗೆ ಒಂದು ಕಾಗದ ಸಾಕು."

'ನೀವು' ಹೋಗಿ 'ನೀನು' ಬಂದದ್ದು ಅವಳಿಗೆ ಗೊತ್ತಾಗದೆ ಇರಲಿಲ್ಲ. ಇಪ್ಪತ್ತು ವರ್ಷದ ಸೀಲಮ್ಮ ಒಳಗಿನಿಂದ, ಕಾಲು ಹಿಡ್ಕೊ, ತಪ್ಪಾಯ್ತು ಅನ್ನು, ಹೊರಡು ಎಂದು ಗೋಗರೆದಳು. ಆದರೆ ಮಗುವಿನ ಹೆಸರೆತ್ತಿದ್ದು ಸಾಹೇಬರ ತಪ್ಪು. ಎಂಟು ಗಂಟೆ ಬೆಂಚಿನ ಮೇಲೆ ಕೂತವಳಿಗೆ ಇನ್ನು ಹೆದರಿಸಲು ಹೆಚ್ಚೇನೂ ಉಳಿದಿರಲಿಲ್ಲ.

"ಸರಿ ಸರ್, ನಾನೇ ನಕಲಿ ಸೀಲು ಒತ್ತಿದೆ ಅನ್ಕೊಳ್ಳಿ," ಎಂದಳು. ದನಿ ಈಗ ನಡುಗುತ್ತಿರಲಿಲ್ಲ. "ಅಂದ್ರೆ ಈ ಆದೇಶ ನೀವು ಮಾಡಿದ್ದಲ್ಲ. ನೀವು ಮಾಡಿಲ್ಲ ಅಂದ್ರೆ ನಮ್ಮರ್ಜಿ ತಿರಸ್ಕಾರ ಆಗಿಲ್ಲ, ಇನ್ನೂ ಬಾಕಿ ಇದೆ. ಹಾಗಂತ ಒಂದು ಸಾಲು ಬರ್ಕೊಡಿ, ಆಮೇಲೆ ಪೊಲೀಸ್ ಕರೀರಿ, ಇಲ್ಲೇ ಕೂತಿರ್ತೀನಿ. ಇಲ್ಲ, ನೀವೇ ಮಾಡಿದ್ದು ಅಂದ್ರೆ, ಜುಲೈ ಸೀಲು ಮೇಗೆ ಹೇಗೆ ಹೋಯ್ತು ಅದನ್ನ ಬರ್ಕೊಡಿ. ಎರಡ್ರಲ್ಲಿ ಯಾವ್ದಾದ್ರೂ ಸರಿ."

ಅರೆಗೋಡೆಯಾಚೆ ಬೆಂಚುಗಳ ಮೇಲಿದ್ದವರೆಲ್ಲ ಇತ್ತ ತಿರುಗಿದ್ದರು. ಯಾರೋ ಮುದುಕರೊಬ್ಬರು ಚೆನ್ನಾಗಿ ಕೇಳಿಸಲೆಂದು ಎದ್ದು ಬಂದು ಗಾಜಿನ ಬಳಿಯೇ ನಿಂತಿದ್ದರು. ಸಾಹೇಬರು ಅವರನ್ನು ನೋಡಿದರು, ನಾಳೆಬಾನನ್ನು ನೋಡಿದರು. ನಾಳೆಬಾ ನೆಲ ನೋಡಿದ.

"ಕಾನೂನು ಬಂದಿರಬಹುದು," ಎಂದರು ಕೊನೆಗೆ, ಹಲ್ಲು ಕಚ್ಚಿಕೊಂಡು. "ನನ್ನ ಮೇಜಿಗೆ ಇಂಥ ಸಂಸಾರ ಬರೋಕೆ ನಾನು ಬಿಡಲ್ಲ. ಎಲ್ಲಿ ಬೇಕಾದ್ರೂ ದೂರು ಕೊಡು. ಇವತ್ತಿಂದ ಈ ಕಟ್ಟಡದ ಒಂದು ಸೀಲೂ ನಿನ್ನಂಗಡಿಗೆ ಬರಲ್ಲ, ತಿಳ್ಕೊ."

"ಬೇಡ ಬಿಡಿ ಸರ್," ಎಂದಳು. ಅಂಗಡಿಯ ಮುಕ್ಕಾಲು ಪಾಲು ಮೂರು ಪದಗಳಲ್ಲಿ ಹೋಗಿತ್ತು.

ಮೇಲಧಿಕಾರಿಗೆ ಹೋಗುವ ದೂರುಗಳನ್ನು ತೆಗೆದುಕೊಳ್ಳುವ ಕಿಟಕಿ ಅದೇ ಮಹಡಿಯಲ್ಲಿತ್ತು, ಅಲ್ಲಿ ಕೂರಬೇಕಾದವನು ನಾಳೆಬಾನೇ. ಅವಳು ಕಿಟಕಿಯ ಮುಂದೆ ನಿಂತಳು. ಅವನು ಒಳಗಿನಿಂದ ಸುತ್ತಿ ಬಂದು ಕುರ್ಚಿಯಲ್ಲಿ ಕೂತ.

"ನಾಳೆ ಬನ್ನಿ."

ಸೀಲಮ್ಮ ಅವನ ತಲೆಯ ಮೇಲಿದ್ದ ಫಲಕ ತೋರಿಸಿದಳು. ದೂರನ್ನು ಕೊಟ್ಟ ದಿನವೇ ಪಡೆದು, ಪ್ರತಿಯ ಮೇಲೆ ಸೀಲು ಹಾಕಿ ಕೊಡತಕ್ಕದ್ದು ಎಂದಿತ್ತು. ಅವಳ ಹಿಂದೆ ಆ ಮುದುಕರೂ ಬಂದು ನಿಂತಿದ್ದರು, ಸಾಲಿನಲ್ಲಿ ತಮ್ಮ ಸರದಿ ಎಂಬಂತೆ.

ನಾಳೆಬಾ ದೂರನ್ನು ಎಳೆದುಕೊಂಡ. ತನ್ನ ಹೆಸರು ಬಂದ ಸಾಲನ್ನು ಎರಡು ಸಲ ಓದಿದ. ಆಮೇಲೆ ಕೊನೆಯ ಸಾಲಿಗೆ ಬಂದ. ದೂರುದಾರರಿಗೂ ಮಗುವಿಗೂ ಇರುವ ಸಂಬಂಧ. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಲಸಿಕೆಯ ಚೀಟಿಯಲ್ಲಿ ಏಳು ವರ್ಷ ಅವಳು ಆ ಜಾಗದಲ್ಲಿ ಚಿಕ್ಕಮ್ಮ ಎಂದು ಬರೆದಿದ್ದಳು. ಇಲ್ಲಿ 'ತಾಯಿ' ಎಂದಿತ್ತು.

"ಇದು ತಪ್ಪು. ಹೊಡ್ದಾಕಿ."

"ಹೊಡ್ದಾಕೋ ಅಧಿಕಾರ ನಿಮಗಿದ್ರೆ ನೀವೇ ಹೊಡ್ದಾಕಿ. ಪಕ್ಕದಲ್ಲಿ ಸಹಿ ಮಾಡಿ, ಇವತ್ತಿನ ತಾರೀಖು ಹಾಕಿ."

ಅವನ ಪೆನ್ನು ಆ ಪದದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಸಹಿ ಎಂಬ ಮಾತಿಗೆ ಅವನು ಆ ಬೆಳಿಗ್ಗೆ ಹೆದರುವುದನ್ನು ಕಲಿತಿದ್ದ. ಪೆನ್ನು ಕೆಳಗಿಟ್ಟ. ಇಡೀ ಸಿಟ್ಟನ್ನು ಮುಷ್ಟಿಗೆ ತಂದುಕೊಂಡು, ಸೀಲನ್ನು ಶಾಯಿಯ ದಿಂಬಿಗೆ ಗುದ್ದಿ, ಪ್ರತಿಯ ಕೆಳಗೆ ದಢ್ ಎಂದು ಒತ್ತಿದ. ಕೈ ತಪ್ಪಿ ಸೀಲು ಅರ್ಧ ಆ ಪದದ ಮೇಲೆಯೇ ಬಿತ್ತು. ಕಾಗದವನ್ನು ಕಿಟಕಿಯಿಂದ ಹೊರಗೆ ತಳ್ಳಿದ.

ಶಾಯಿ ಹೆಚ್ಚಾಗಿತ್ತು, ಹೊಳೆಯುತ್ತಿತ್ತು. ಅಡಿಯಲ್ಲಿ 'ತಾಯಿ' ಎಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಎಡಗಡೆಯ ನಕ್ಷತ್ರ, ಒಂದು ಮೂಲೆ ಹರಿದು, ವಾಲಿಕೊಂಡು ನಿಂತಿತ್ತು.

ಸೀಲಮ್ಮ ಕಾಗದವನ್ನು ಮಡಿಸಲಿಲ್ಲ. ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ, ಕಾಗದವನ್ನು ಎರಡೂ ಕೈಯಲ್ಲಿ ಚಪ್ಪಟೆಯಾಗಿ ಹಿಡಿದುಕೊಂಡು ಮೆಟ್ಟಿಲಿಳಿಯತೊಡಗಿದಳು. ಎದುರು ಬಂದವರು ಪಕ್ಕಕ್ಕೆ ಸರಿದರು. ಪ್ರತಿ ಮೆಟ್ಟಿಲಿಗೂ ನಿಂತು, ಬಗ್ಗಿ, ಒದ್ದೆ ಶಾಯಿಯ ಮೇಲೆ ಮೆಲ್ಲಗೆ ಊದುತ್ತಿದ್ದಳು.