ಕೊಳಕೆಂಬ ಹೆಸರು ಹೊತ್ತ ಚಿಮಟ

ನಾನು ಒಂದು ಚಿಮಟ. ಮುಳ್ಳು ಕೀಳುವ, ಹುಬ್ಬು ತೀಡುವ ಚಿಮಟವಲ್ಲ. ಹಾಗೆಂದುಕೊಂಡು ಕೈಹಾಕಿದವರ ಬೆರಳು ಚುಚ್ಚಿದ್ದೇನೆ, ಚುಚ್ಚಿ ಸಂತೋಷಪಟ್ಟಿದ್ದೇನೆ. ಪರದೇಶದ ಕಾರ್ಖಾನೆಯಲ್ಲಿ ಉಕ್ಕಿನ ಪಟ್ಟಿಯಾಗಿದ್ದ ನನ್ನನ್ನು ಕನ್ನಡಕದ ಮುದುಕಿಯೊಬ್ಬಳು ಸೂಜಿಗಿಂತ ಚೂಪಾಗುವ ತನಕ ಉಜ್ಜಿದಳು. ಉಜ್ಜುವಾಗ ಒಂದು ಒಳ್ಳೆಯ ಮಾತಾಡಲಿಲ್ಲ. ನನ್ನ ಸ್ವಭಾವ ಅಲ್ಲಿಂದಲೇ ಬಂದಿರಬೇಕು.

ಧಾರವಾಡದ ಒಂದು ಪ್ರಯೋಗಾಲಯಕ್ಕೆ ಬಂದೆ. ಮೊದಲು ನನ್ನನ್ನು ಹಿಡಿದವನು ಮಹಾಂತೇಶನೆಂಬ ಸಂಶೋಧಕ. ಆ ಪುಣ್ಯಾತ್ಮ ನನ್ನಿಂದ ಹಲ್ಲಿನ ಸಂದಿಯ ಅಡಿಕೆ ತೆಗೆಯುತ್ತಿದ್ದ! ಅವನು ಬಿಟ್ಟುಹೋದ ದಿನ ಪೀಡೆ ತೊಲಗಿತು ಎಂದುಕೊಂಡೆ.

ಆಮೇಲೆ ಪಿಎಚ್.ಡಿ. ಮಾಡಲು ಬಂದ ನೀಲಾಂಬಿಕಾ ತೊರಗಲ್ಲಳ ಕೈಗೆ ಸೇರಿದೆ. ಅವಳು ಪ್ರತಿ ಸಲ ಬಳಸುವ ಮೊದಲು ನನ್ನನ್ನು ಸ್ಪಿರಿಟ್‌ನಲ್ಲಿ ತೊಳೆಯುವಳು. ಯಾರಾದರೂ ಕೇಳಿದರೆ, "ಬೇಕಾದ್ರ ನನ್ನ ಊಟದ ಡಬ್ಬಿ ಒಯ್ರಿ, ಚಿಮಟ ಕೇಳಬ್ಯಾಡ್ರಿ" ಎನ್ನುವಳು. ಜಗತ್ತಿನಲ್ಲಿ ಅವಳೊಬ್ಬಳ ಮೇಲೆ ನನಗೆ ಪ್ರೀತಿಯಿತ್ತು. ಹೇಳಲು ನಾಚಿಕೆಯೇನಿಲ್ಲ.

ಕೆಲಸ ಇಷ್ಟು. ಜೀವಕೋಶದಲ್ಲಿ ಯಾವ ಜೀನ್ ಎಚ್ಚರವಿರಬೇಕು, ಯಾವುದು ಮಲಗಬೇಕು ಎಂಬುದನ್ನು ಕೆಲವು ಪ್ರೋಟೀನುಗಳು ಗುಂಪುಗೂಡಿ ನಿರ್ಧರಿಸುತ್ತವೆ. ಅಂಥ ಒಂದು ಗುಂಪಿನ ಆಕಾರ ತಿಳಿಯಬೇಕು. ನಾನು ಹೆಸರುಬೇಳೆಯಷ್ಟಗಲದ ತಾಮ್ರದ ಜಾಲರಿಯನ್ನು ಕಚ್ಚಿ ಹಿಡಿಯಬೇಕು. ಅದರ ಮೇಲೆ ಪ್ರೋಟೀನಿನ ಹನಿ ಬೀಳುತ್ತದೆ. ಮರುಕ್ಷಣ ಮೈ ಕೊರೆಯುವ ಶೀತದ ದ್ರವದಲ್ಲಿ ನಾವಿಬ್ಬರೂ ಮುಳುಗಬೇಕು. ಹನಿ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ಚಿತ್ರ ತೆಗೆಯುತ್ತಾರೆ. ಚಿತ್ರದಲ್ಲಿ ಕಾಣುವುದು ಬರೀ ಮಂಕು ಮರಳು. ಅದರೊಳಗಿಂದ ಲಕ್ಷಗಟ್ಟಲೆ ಚೂರುಗಳನ್ನು ಕಂಪ್ಯೂಟರ್ ಆಯ್ದು ಒಂದರ ಮೇಲೊಂದು ಪೇರಿಸಿದಾಗ ಆಕಾರ ಮೂಡುತ್ತದೆ.

ಅವಳ ಗೈಡ್ ಪ್ರೊಫೆಸರ್ ಜಯತೀರ್ಥ ಕಟಗೇರಿಗೆ ಅಷ್ಟು ತಾಳ್ಮೆಯೆಲ್ಲಿ? ಆ ಗುಂಪಿಗೆ ಮೂರು ತೋಳುಗಳಿವೆ ಎಂದು ಮೊದಲೇ ಊರೂರಿನ ಸಭೆಗಳಲ್ಲಿ ಸಾರಿ ಬಂದಿದ್ದರು. ಮೂರು ತೋಳಿನ ಮಾದರಿ ಮಾಡಿ ಕಂಪ್ಯೂಟರಿಗೆ ಕೊಟ್ಟು, ಇದನ್ನು ಹೋಲುವ ಚೂರುಗಳನ್ನಷ್ಟೇ ಆರಿಸು ಎಂದರು. ಅದು ಆರಿಸಿತು, ಮೂರು ತೋಳು ಬಂತು. ಬಾರದೆ ಇನ್ನೇನು? ಹುಡುಕಿಕೊಂಡು ಹೋದವರಿಗೆ ಮೋಡದಲ್ಲೂ ಆನೆ ಸಿಗುತ್ತದೆ.

ನೀಲಾಂಬಿಕಾಳಿಗೆ ಅನುಮಾನ ಹುಟ್ಟಿತು. ಒಂದು ಬೆಳಿಗ್ಗೆ ನನ್ನನ್ನು ಎಂದಿಗಿಂತ ಹೆಚ್ಚು ತೊಳೆದು, ಬರೀ ಶುದ್ಧ ನೀರಿನ ಹನಿಯನ್ನು ಹೆಪ್ಪುಗಟ್ಟಿಸಿದಳು. ಅದರಲ್ಲಿ ಪ್ರೋಟೀನಿನ ನೆರಳೂ ಇರಲಿಲ್ಲ. ಹಿಡಿದದ್ದು ನಾನು, ನನಗೆ ಗೊತ್ತು. "ಹೊಸಾ ಸ್ಯಾಂಪಲ್ ರೀ ಸರ್" ಎಂದು ಚಿತ್ರಗಳನ್ನು ಒಪ್ಪಿಸಿದಳು.

ಕೆಲವು ದಿನ ಬಿಟ್ಟು ಕಟಗೇರಿ ಕುಣಿಯುತ್ತಾ ಬಂದರು. "ನೋಡವಾ ನೀಲಾ, ಮೂರನೇ ತೋಳು ಹ್ಯಾಂಗ ಎದ್ದು ನಿಂತದ!"

"ಸರ್, ಅದರಾಗ ಪ್ರೋಟೀನೇ ಇಲ್ರಿ. ಬರೇ ನೀರೈತ್ರಿ."

ಪ್ರೊಫೆಸರರ ಮುಖ ಸುಟ್ಟ ಬದನೆಕಾಯಿಯಾಯಿತು. "ನನಗ ಪರೀಕ್ಷಾ ಇಡ್ತೀಯೇನು? ನೀರಾಗ ತೋಳು ಎಲ್ಲಿಂದ ಬರ್ತದ? ಚಿಮಟ ಕೊಳಕದ. ಹಳೇ ಪ್ರೋಟೀನ್ ಅದಕ್ಕ ಹತ್ತಿಕೊಂಡು ಬಂದದ." ನನ್ನನ್ನೆತ್ತಿ ಅವಳ ಮೂಗಿನೆದುರು ಹಿಡಿದರು. "ಹೌದೋ ಅಲ್ಲೋ ಹೇಳು. ಅಲ್ಲಂದ್ರ ಬ್ಯಾರೆ ಗೈಡ್ ಹುಡುಕ್ಕೋ."

ಹೇಳೇ ನನ್ನವ್ವಾ ಎಂದು ಒಳಗೊಳಗೇ ಕಿರುಚಿದೆ. ತೊಳೆದಿದ್ದೆ ಅನ್ನು. ಅನುಮಾನವಿದ್ದರೆ ಇವರ ಕಣ್ಣೆದುರೇ ತೊಳೆದು ಇನ್ನೊಮ್ಮೆ ನೀರು ಹಿಡಿಯೋಣ ಅನ್ನು. ಅವಳು ನನ್ನ ಕಡೆ ನೋಡಲಿಲ್ಲ. ಪದವಿ ಇನ್ನೇನು ಕೈಗೆ ಬರುವುದರಲ್ಲಿತ್ತು.

"ಇರಬಹುದ್ರಿ ಸರ್," ಎಂದಳು. "ಚಿಮಟ ಕೊಳಕಿತ್ತು ಕಾಣ್ಸತೈತಿ."

ಥೂ! ತೊಳೆದ ಕೈಯೇ ನನ್ನ ಮೋರೆಗೆ ಮಸಿ ಬಳಿಯಿತು.

ಕಟಗೇರಿ ನನ್ನನ್ನು ಬಿಸಾಡಿದರು. ನೆಲಕ್ಕೆ ಬಿದ್ದು ಮೂತಿ ಸೊಟ್ಟಗಾಯಿತು. ಮೂರು ತೋಳಿನ ಚಿತ್ರ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು. ನೀಲಾಂಬಿಕಾ ಡಾಕ್ಟರ್ ಆದಳು, ಅಲ್ಲೇ ಕೆಲಸಕ್ಕೂ ಸೇರಿದಳು. ನಾನು ಒಣಗಿದ ಪೆನ್ನು, ತುಕ್ಕು ಹಿಡಿದ ಪಿನ್ನುಗಳ ಜೊತೆ ಡ್ರಾಯರ್ ಸೇರಿದೆ. ಅಲ್ಲಿ ಶಾಪ ಹಾಕುವುದೇ ನನ್ನ ಉದ್ಯೋಗ. ಪ್ರೊಫೆಸರರ ಏಳು ತಲೆಮಾರನ್ನೂ ಬಿಡಲಿಲ್ಲ. ಅವಳನ್ನು ಬೈಯಲು ಹೋದರೆ ಮಾತ್ರ ನಾಲಗೆ ತಡೆಯುತ್ತಿತ್ತು. ಹೆದರಿದಳು, ಸುಳ್ಳು ಹೇಳಿದಳು; ಅದು ಸುಳ್ಳೆಂದು ಅವಳಿಗಾದರೂ ಗೊತ್ತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮೊನ್ನೆ ಹೊಸದಾಗಿ ಸೇರಿದ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಹೊರತೆಗೆದಳು. "ಮೇಡಂ, ಇದರ ಮೂತಿ ಸರಿ ಮಾಡಿ ಬಳಸ್ಲೇನ್ರಿ?"

ನೀಲಾಂಬಿಕಾ ತಿರುಗಿ ನೋಡಿದಳು. ಕಟಗೇರಿ ಅಂದು ಊರಲ್ಲೇ ಇರಲಿಲ್ಲ. ಹೆದರಿಸುವವರು ಯಾರೂ ಇರಲಿಲ್ಲ.

"ಅಯ್ಯ, ಅದನ್ನ ಮುಟ್ಟಬ್ಯಾಡವಾ," ಎಂದಳು, ತಂಗಿಗೆ ಬುದ್ಧಿ ಹೇಳುವ ಅಕ್ಕನ ಹಾಗೆ. "ಭಾಳ ಕೊಳಕದು. ಬರೇ ನೀರಿನ್ಯಾಗೂ ಪ್ರೋಟೀನ್ ಬೆರೆಸಿ ನನ್ನ ಮರ್ಯಾದಿ ಕಳೆದಿತ್ತು. ಹೋಗು, ಕೈ ತೊಳ್ಕೋ."

ಹುಡುಗಿಯ ಕೈಯಲ್ಲಿದ್ದುಕೊಂಡೇ ನೀಲಾಂಬಿಕಾಳ ಮುಖವನ್ನು ದಿಟ್ಟಿಸಿದೆ. ಸುಳ್ಳು ಹೇಳುವಾಗ ಅವಳ ಮುಖ ಹೇಗಿರುತ್ತದೆಂದು ನಾನು ಒಮ್ಮೆ ಕಂಡಿದ್ದೇನೆ. ಇದು ಆ ಮುಖವಲ್ಲ. ಅವಳು ನಂಬಿಬಿಟ್ಟಿದ್ದಳು. ನನಗಿದ್ದವಳು ಒಬ್ಬಳೇ ಸಾಕ್ಷಿ, ಅವಳೂ ಹೋದಳು.